ಬಸ್ಸಿನ ಹಿಂದಿನ ನಗು

ಸೆಪ್ಟೆಂಬರ್ 4, ಬುಧವಾರ

ಕಳುಹಿಸಿದ ಅಷ್ಟೂ ಚಿತ್ರ ವಾಪಸ್. ಕೋಡಿಯ ಕಡಲತೀರಕ್ಕೆ "ಇಂಥವು ನಮ್ಮಲ್ಲಿ ಈಗಾಗಲೇ ಸಾಕಷ್ಟಿವೆ" ಅಂತೆ. ಬಾಳೆಲೆಯ ಮೇಲಿಟ್ಟ ಕೊಟ್ಟೆಕಡುಬಿಗೆ "ಫೋಕಸ್ ಸರಿಯಿಲ್ಲ" ಅಂತೆ. ಕಡುಬಿಗೆ ಫೋಕಸ್ ಇತ್ತು. ಅದರ ಹಬೆಗೆ ಇರಲಿಲ್ಲ, ಹಬೆಗೆ ಎಲ್ಲಾದರೂ ಫೋಕಸ್ ಇರುತ್ತದೆಯೇ? ಯಾರ ಹತ್ತಿರ ವಾದ ಮಾಡಲಿ. ಆ ಕಡೆ ಮನುಷ್ಯರು ಇದ್ದಾರೋ ಇಲ್ಲವೋ ಅದೇ ಗೊತ್ತಿಲ್ಲ.

ಕುಂದಾಪುರದ ಸ್ಟುಡಿಯೋ ಮುಚ್ಚಿದ ಮೇಲೆ ಮದುವೆ, ಸೀಮಂತ, ನಾಮಕರಣದ ರಗಳೆ ತಪ್ಪಿತು, ಮನೆಯಲ್ಲೇ ಕೂತು ಇಂಟರ್ನೆಟ್ಟಿನ ಸ್ಟಾಕ್ ಏಜೆನ್ಸಿಗಳಿಗೆ ಚಿತ್ರ ಮಾರಿಕೊಂಡಿರಬಹುದು ಎಂದುಕೊಂಡಿದ್ದೆ. ನಾನು ಚಿತ್ರ ಹಾಕುವುದು, ಯಾವುದೋ ದೇಶದ ಯಾರೋ ಅದನ್ನು ಕೊಂಡು ಯಾವುದಕ್ಕೋ ಬಳಸುವುದು, ನನಗೊಂದು ಚಿಲ್ಲರೆ ಪಾಲು. ಮೊದಮೊದಲು ಚೆನ್ನಾಗಿಯೇ ಇತ್ತು. ಈಗ "ನಗುವ ಅಜ್ಜಿ" ಎಂದು ಬರೆದು ಕೊಟ್ಟರೆ ಕಂಪ್ಯೂಟರೇ ಅಜ್ಜಿಯನ್ನು ಹುಟ್ಟಿಸುತ್ತದೆ. ಆ ಅಜ್ಜಿಗೆ ಮಂಡಿನೋವಿಲ್ಲ. ಮಳೆ ಬಂದರೆ ಬೆಳಕು ಕೆಡುವುದೂ ಇಲ್ಲ.

ಇನ್ನೂ ಹೋಗುತ್ತಿರುವುದು ಒಂದೇ ಸರಣಿ, ಎರಡು ವರ್ಷದ ಹಿಂದೆ ಗಂಗೊಳ್ಳಿ ಬಂದರಿನಲ್ಲಿ ತೆಗೆದ ಮೀನಿನ ಹೆಂಗಸಿನದು. ಹುಡುಕುವವರಿಗೆ ಸಿಗಲೆಂದು ನಾನು ಜೊತೆಗೆ ಬರೆದ ಪದಗಳು: ಮಹಿಳೆ, ಭಾರತ, ಗ್ರಾಮೀಣ, ನಡುವಯಸ್ಸು, ನಗು, ಸಂತೃಪ್ತಿ, ಎಡಗಡೆ ಬರೆಯಲು ಖಾಲಿ ಜಾಗ. ಅಂಥವರು ಇನ್ನೊಬ್ಬರು ಸಿಕ್ಕರೆ ಈ ವರ್ಷ ದಾಟಬಹುದು.

ಸೆಪ್ಟೆಂಬರ್ 9, ಸೋಮವಾರ

"ದುಡಿದ ಕೈಗಳು" ಬೇಕು ಎಂದು ಏಜೆನ್ಸಿಯ ಸೂಚನೆ. ಅಮ್ಮನನ್ನು ಕಿಟಕಿಯ ಹತ್ತಿರ ಕೂರಿಸಿ ಬೆಳ್ಳುಳ್ಳಿ ಸುಲಿಸಿದೆ. ಗೇರುಬೀಜದ ಕಾರ್ಖಾನೆಯಲ್ಲಿ ಸವೆದ ಕೈ ಅದು, ಬೆರಳ ತುದಿಯ ಕಪ್ಪು ಇನ್ನೂ ಹೋಗಿಲ್ಲ.

"ಸ್ವಲ್ಪ ಎಡಕ್ಕೆ. ಉಗುರು ಕಾಣಲಿ."

"ನನ್ನ್ ಕೈ ಅಮೆರಿಕ ಕಂಡ್ ಬಂತಂಬ್ರ್. ನಾನ್ ಮಾತ್ರ ಬಸ್ರೂರ್ ಬಿಟ್ಟ್ ಕುಂದಾಪ್ರ ದಾಟ್ಲಿಲ್ಲ," ಎಂದಳು ಅಮ್ಮ. ಆಮೇಲೆ, "ಸಾಕಾ ನನ್ನ್ ಕೈ? ಒಲಿ ಮೇಲ್ ಅನ್ನ ಇತ್ತ್."

ಸಾಕಾಗಿರಲಿಲ್ಲ. ಇನ್ನೂ ಸುಲಿಸಿದೆ. ಮನೆಯಲ್ಲಿದ್ದ ಬೆಳ್ಳುಳ್ಳಿ ಎಲ್ಲ ಮುಗಿಯಿತು, ಅನ್ನವೂ ತಳ ಹಿಡಿಯಿತು.

ಸೆಪ್ಟೆಂಬರ್ 14, ಶನಿವಾರ

ಮಳೆ. ಬೆಳಕಿಲ್ಲ. ಕೈಗಳನ್ನೂ ತಿರಸ್ಕರಿಸಿದ್ದಾರೆ.

ಸೆಪ್ಟೆಂಬರ್ 18, ಬುಧವಾರ

ಕ್ಯಾಮೆರಾದ ಬ್ಯಾಟರಿ ತರಲು ಕುಂದಾಪುರಕ್ಕೆ ಹೋಗಿದ್ದೆ. ಶಾಸ್ತ್ರಿ ಸರ್ಕಲ್ಲಿನಲ್ಲಿ ಗಂಗೊಳ್ಳಿ ಬಸ್ಸು ನನ್ನನ್ನು ದಾಟಿ ನಿಂತಿತು. ಅದರ ಬೆನ್ನ ತುಂಬ ಮೀನಿನ ಹೆಂಗಸಿನ ನಗು.

ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಇಷ್ಟು ವರ್ಷದಲ್ಲಿ ನನ್ನ ಚಿತ್ರವೊಂದನ್ನು ನನ್ನ ಕಣ್ಣೆದುರಿಗೇ ಬೀದಿಯಲ್ಲಿ ಕಂಡದ್ದು ಇದೇ ಮೊದಲು. ಅಷ್ಟು ದೊಡ್ಡದು ಮಾಡಿದರೂ ಚುಕ್ಕಿಚುಕ್ಕಿಯಾಗಿ ಒಡೆದಿರಲಿಲ್ಲ. ಆದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದರು, ಬಲಗಡೆಯ ಮೂಗುಬೊಟ್ಟು ಎಡಕ್ಕೆ ಬಂದಿತ್ತು. ಅದನ್ನೆಲ್ಲ ನೋಡಿ ಮುಗಿದ ಮೇಲೆ ಅಕ್ಷರ ಓದಿದೆ.

"ಹತ್ತು ವರ್ಷ ಕಣ್ಣೀರು ಹಾಕಿದೆ. ಸಾರಿನಲ್ಲಿ ಬೆರೆಸಿ ಕೊಟ್ಟೆ. ಕುಡುಕ ಗಂಡನಿಗೆ ಗೊತ್ತೇ ಆಗಲಿಲ್ಲ! ಇಂದು ನನ್ನ ಮನೆಯಲ್ಲಿ ನಗುವಿದೆ. ಶಾಂತವ್ವ."

ಕೆಳಗೆ ಕುಡಿತ ಬಿಡಿಸುವ ಪುಡಿಯ ಡಬ್ಬಿ, ಫೋನ್ ನಂಬರು.

ಬಸ್ಸು ಹೋಯಿತು. ಗಂಗೊಳ್ಳಿಗೇ ಹೋಗುವ ಬಸ್ಸು. ಬೇರೆ ಎಲ್ಲಿಗಾದರೂ ಹೋಗುವ ಬಸ್ಸಿಗೆ ಹಚ್ಚಬಾರದಿತ್ತೇ? ಬ್ಯಾಟರಿ ತಾರದೆ ಮನೆಗೆ ಬಂದೆ. ಅವಳು ನೋಡಿರಲಿಕ್ಕಿಲ್ಲ. ನೋಡಿದರೂ ಏನಂತೆ, ಹೆಸರು ಶಾಂತವ್ವ ಅಂತಲ್ಲವೇ ಇರುವುದು.

ಸೆಪ್ಟೆಂಬರ್ 20, ಶುಕ್ರವಾರ

ಬಂದಳು. ಬೆಳಗಿನ ವ್ಯಾಪಾರ ಬಿಟ್ಟು, ಎರಡು ಬಸ್ಸು ಬದಲಿಸಿ, ವಿಳಾಸ ಕೇಳಿಕೊಂಡು ಬಸ್ರೂರಿಗೇ ಬಂದಳು ಆ ಮೀನಿನ ಹೆಂಗಸು, ಪದ್ದು. ಚಾವಡಿಯಲ್ಲಿ ಕೂರಲಿಲ್ಲ. ಅಮ್ಮ ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಎಂತ ಬರ್ದಿದ್ರಿ ಮಾರಾಯ್ತಿ ಅದ್ರಲ್ಲ್? ನಾನ್ ಯಾವತ್ತ್ ಹೇಳ್ದೆ ನಿಮ್ಗೆ ಹಾಂಗೆ?"

"ನಾನ್ ಬರ್ದದ್ದಲ್ಲ ಪದ್ದು. ಫೋಟೊ ತಕಂಡವ್ರ್ ಬರ್ದದ್ದ್."

"ನನ್ನ್ ಮುಸುಡಿ ತಕಂಡ್ ಯಾರ್ ಬೇಕಾರೂ ಎಂತ ಬೇಕಾರೂ ಬರೀಲಕ್ಕಾ?"

"ನೀವ್ ಒಪ್ಪಿ ಸೈನ್ ಹಾಕಿದ್ರಲ್ದಾ."

"ಫೋಟೊಗೆ ಅಂದ್ರಿ, ಹಾಕ್ದೆ. ಸುಳ್ಳ್ ಹೇಳುಕೆ ಹಾಕ್ಲಿಲ್ಲ ನಾನ್."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಕಂಬಕ್ಕೆ ಒರಗಿ ಉಳಿದದ್ದನ್ನು ಹೇಳಿದಳು. ಅವಳ ಗಂಡ ಬಚ್ಚ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಾನೆ. ಒಂದು ಕಾಲಕ್ಕೆ ದೋಣಿಯಿಂದ ಇಳಿದರೆ ನೇರ ಸಾರಾಯಿ ಗಡಂಗಿಗೆ ಹೋಗುತ್ತಿದ್ದ ಮನುಷ್ಯ. ಮಗಳು ದೊಡ್ಡವಳಾಗುತ್ತಿದ್ದಂತೆ ಒಂದು ದಿನ ಬಿಟ್ಟವನು ಮತ್ತೆ ಮುಟ್ಟಲಿಲ್ಲ. ಬಂದರಿನಲ್ಲಿ ಅದಕ್ಕೊಂದು ಮರ್ಯಾದೆ ಇತ್ತು. ಹುಡುಗರು ಕುಡಿದು ಬಿದ್ದರೆ ಹೆಂಡಂದಿರು ಬಚ್ಚಣ್ಣನ ಹತ್ತಿರ ಎರಡು ಮಾತು ಹೇಳಿಸುತ್ತಿದ್ದರು. ಈಗ ಅದೇ ಹುಡುಗರು ಐಸ್ ಹೊರುವಾಗ ಕೇಳುತ್ತಾರಂತೆ, "ಬಚ್ಚಣ್ಣ, ಇವತ್ತ್ ಸಾರಿಗ್ ಎಂತ ಬಿದ್ದಿತ್ತ್?"

"ಅವ್ರ್ ಮನೆಂಗೆ ಉಂಬುದಿಲ್ಲ ಈಗ. ಅನ್ನದ್ ತಟ್ಟಿ ಎದ್ರ್ ಕೂಕಣ್ತ್ರ್, ನನ್ನ್ ಮುಖ ಕಾಣ್ತ್ರ್, ಏಳ್ತ್ರ್. ಬಂದ್ರಿನ್ ಹೋಟ್ಲಿಗ್ ಹೋತ್ರ್. ಗಲಾಟಿ ಮಾಡ್ರೆ ಬೈಲಕ್ಕಿತ್ತ್. ಮಾತೇ ಇಲ್ಲ."

ಅವಳು ಹೋದ ಮೇಲೆ ಅಮ್ಮ ನೀರಿನ ಲೋಟವನ್ನು ತುಳಸಿಗೆ ಸುರಿದಳು.

ಸೆಪ್ಟೆಂಬರ್ 21, ಶನಿವಾರ

ಏಜೆನ್ಸಿಗೆ ದೂರು ಬರೆದೆ. "ನಿಮ್ಮ ಸಂದೇಶ ನಮಗೆ ಮುಖ್ಯ" ಎಂಬ ಉತ್ತರ ನಾನು ಕೈ ತೆಗೆಯುವ ಮೊದಲೇ ಬಂತು.

ಆಮೇಲೆ ಪೋಸ್ಟರಿನ ನಂಬರಿಗೆ ಫೋನು ಮಾಡಿದೆ. ಘಟ್ಟದ ಮೇಲಿನ ದನಿ, ಬಹಳ ಮರ್ಯಾದೆಯದು.

"ಹೇಳ್ರಿ ಮೇಡಂ, ಯಜಮಾನ್ರು ಎಷ್ಟ್ ವರ್ಷದಿಂದ ಕುಡೀತಾರ?"

"ನನಗೆ ಯಜಮಾನರಿಲ್ಲ."

"ಅಣ್ಣ ತಮ್ಮಂದಿರಿಗೇನ್ರಿ?"

"ಯಾರಿಗೂ ಅಲ್ಲ. ನಿಮ್ಮ ಪೋಸ್ಟರಿನಲ್ಲಿರುವ ಹೆಂಗಸು ಯಾರು?"

"ಶಾಂತವ್ವ ರೀ. ನಮ್ಮ ಹಳೇ ಗಿರಾಕಿ. ಮೊನ್ನೆ ಬಂದು ಪೇಡೆ ಕೊಟ್ಟು ಹೋದ್ರು, ಪಾಪ."

ಆ ಚಿತ್ರ ತೆಗೆದವಳು ನಾನು, ಅವಳು ಗಂಗೊಳ್ಳಿಯವಳು ಎಂದೆ. "ನಾವು ರೊಕ್ಕ ಕೊಟ್ಟು ತಗೊಂಡೀವಿ ರೀ," ಎಂದು ಇಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಸೆಪ್ಟೆಂಬರ್ 25, ಬುಧವಾರ

ಗಂಗೊಳ್ಳಿಗೆ ಹೋಗಿ ಬಚ್ಚಣ್ಣನನ್ನು ಕಂಡೆ. ಪ್ಲಾಂಟಿನ ಹೊರಗೆ ಐಸಿನ ಗಡ್ಡೆಯನ್ನು ಯಂತ್ರಕ್ಕೆ ನೂಕುತ್ತಿದ್ದರು. ಯಂತ್ರದ ಗದ್ದಲಕ್ಕೆ ನಾನು ಕಿರುಚಬೇಕಾಯಿತು. ಇದೊಂದು ವ್ಯಾಪಾರ, ಚಿತ್ರ ನನ್ನದು, ಮಾತು ಅವರದು, ಅದೆಲ್ಲ ಹಸಿ ಸುಳ್ಳು, ಪದ್ದಕ್ಕನದು ಏನೂ ತಪ್ಪಿಲ್ಲ. ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು, ನಾನು ಹೇಳಬೇಕೆಂದುಕೊಂಡವರೊಬ್ಬರನ್ನು ಬಿಟ್ಟು.

ಯಂತ್ರ ನಿಂತಾಗ ಅವರು ಒಂದೇ ಕೇಳಿದರು. "ಅದ್ ನಿಮ್ಗೆ ಹೇಳಿದ್ದ್ ಯಾರ್?"

"ಯಾರೂ ಹೇಳಲಿಲ್ಲ, ನಾನು ಬರೆದದ್ದೇ ಅಲ್ಲ..."

"ಆಯ್ತ್," ಎಂದು ಮುಂದಿನ ಗಡ್ಡೆಗೆ ಕೊಕ್ಕೆ ಹಾಕಿದರು. ನಂಬಲಿಲ್ಲ. ಮುಖದಲ್ಲಿ ಸಿಟ್ಟೂ ಇರಲಿಲ್ಲ. ಮಳೆಗಾಲದಲ್ಲಿ ದಡಕ್ಕೆ ಎಳೆದಿಟ್ಟ ದೋಣಿಯ ಹಾಗೆ, ಏನೂ ಇಲ್ಲದ ಮುಖ.

ಬರುವಾಗ ಮಾರುಕಟ್ಟೆಯಲ್ಲಿ ಪದ್ದಕ್ಕ ಕಂಡಳು. ನಾನು ಏನೂ ಹೇಳದಿದ್ದರೂ ತಿಳಿಯಿತು ಅವಳಿಗೆ. ಎರಡು ಬಂಗುಡೆ ಎಲೆಯಲ್ಲಿ ಸುತ್ತಿ ಕೈಗಿಟ್ಟಳು. ಬೇಡವೆಂದರೆ ಸಿಟ್ಟು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ, ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡರು.

ಸೆಪ್ಟೆಂಬರ್ 29, ಭಾನುವಾರ

ಏಜೆನ್ಸಿಯಿಂದ ಉತ್ತರ. ಈ ಬಳಕೆ ನಿಯಮಕ್ಕೆ ಹೊಂದುವುದಿಲ್ಲವಂತೆ, ಕೊಂಡವರಿಗೆ ಬರೆಯುತ್ತಾರಂತೆ, ಆದರೆ ಹಚ್ಚಿದ್ದನ್ನು ಕೀಳಿಸುವುದು ಅವರ ಕೈಯಲ್ಲಿಲ್ಲವಂತೆ. ನಾನು ಬೇಕಾದರೆ ಇನ್ನು ಮುಂದೆ ಮಾರಾಟಕ್ಕಿಲ್ಲದಂತೆ ತೆಗೆಯಬಹುದು. ಸರಣಿ ಇಡೀ ತೆಗೆದೆ. "ಖಚಿತವೇ? ಇವು ನಿಮ್ಮ ಹೆಚ್ಚು ಮಾರಾಟವಾಗುವ ಚಿತ್ರಗಳು" ಎಂದು ಕೇಳಿತು. ಹೌದು ಒತ್ತಿದೆ. ತಲೆನೋವು, ಬೇಗ ಮಲಗಿದೆ.

ಅಕ್ಟೋಬರ್ 3, ಗುರುವಾರ

ನವರಾತ್ರಿ ಶುರು, ಮೀನಿನ ವ್ಯಾಪಾರ ಸಪ್ಪೆ. ಪದ್ದಕ್ಕನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದೆ. ಈಗೀಗ ಹೋದರೆ ಅಲ್ಲೇ ಕೂರುತ್ತೇನೆ. ಅವಳು ನೊಣ ಓಡಿಸುತ್ತಾಳೆ, ನಾನು ಐಸಿನ ಪುಡಿ ಸರಿಮಾಡುತ್ತೇನೆ. ಕ್ಯಾಮೆರಾ ಎಲ್ಲಿ ಎಂದು ಪಕ್ಕದ ವನಜಕ್ಕ ಕೇಳಿದಾಗಲೇ ನೆನಪಾದದ್ದು, ಮನೆಯಲ್ಲೇ ಬಿಟ್ಟು ಬಂದಿದ್ದೆ.

ವನಜಕ್ಕ ಚಹಾಕ್ಕೆ ಎದ್ದು ಹೋದ ಮೇಲೆ ಪದ್ದಕ್ಕ ಹತ್ತಿರ ಸರಿದಳು.

"ಒಂದ್ ಮಾತ್ ಹೇಳ್ತೆ. ಯಾರ್ ಹತ್ರವೂ ಹೇಳುಕಾಗ."

"ಇಲ್ಲ."

"ನಾನ್ ಹಾಕಿದ್ದೆ."

"ಎಂತದ್ದ್?"

"ಸಾರಿಗೆ. ಬಸ್ಸಂಗಿಪ್ಪು ಪುಡಿ ಅಲ್ಲ, ಬೇರೆ. ಬೈಂದೂರ್ ಬದಿಯವ್ರ್ ಒಬ್ರ್ ಬೇರ್ ಕುಟ್ಟಿ ಕೊಡ್ತಿದ್ರ್. ಒಂದ್ ಮಳಿಗಾಲ ಇಡೀ ಹಾಕ್ದೆ. ಅದ್ರಂಗ್ ಬಿಟ್ರಾ, ಅವ್ರೇ ಬಿಟ್ರಾ, ದೇವ್ರಿಗೇ ಗೊತ್ತ್. ಅವ್ರಿಗ್ ಗೊತ್ತಿಲ್ಲ. 'ನಾನೇ ಮನಸ್ ಮಾಡಿ ಬಿಟ್ಟೆ' ಅಂಬ್ರ್ ಎಲ್ಲರ್ ಹತ್ರ. ಆ ಒಂದ್ ಮಾತಿನ್ ಮೇಲೆ ಅಲ್ದಾ ಅವ್ರ್ ತಲಿ ಎತ್ತಿ ತಿರ್ಗುದ್."

ಐಸ್ ಪ್ಲಾಂಟಿನ ಎದುರು ನಿಂತು ಅದೆಲ್ಲ ಹಸಿ ಸುಳ್ಳೆಂದು ಕಿರುಚಿ ಬಂದವಳು ನಾನು. ಗುರುತು ಪರಿಚಯವಿಲ್ಲದ ಯಾರೋ ತನ್ನ ಪುಡಿ ಮಾರಲು ಕಟ್ಟಿದ ಕಥೆ, ಇವಳು ಇಷ್ಟು ವರ್ಷ ಎದೆಯಲ್ಲಿ ಹೂತಿಟ್ಟ ವಿಷಯಕ್ಕೇ ಹೋಗಿ ತಾಗಿದೆ.

"ಅವ್ರ್ ಕೇಂಡ್ರೆ ಎಂತ ಹೇಳುದ್?" ಎಂದಳು. "ಹಾಕ್ಲಿಲ್ಲ ಅಂದ್ರೆ ಸುಳ್ಳ್. ಹಾಕಿದ್ದೆ ಅಂದ್ರೆ ಮತ್ತೆ ನನ್ನ್ ಕೈಯಂಗೆ ಉಂಬ್ರಾ ಈ ಜನ್ಮದಂಗೆ?"

ಗಿರಾಕಿ ಬಂದರು. "ಹ್ವಾಯ್, ಬನ್ನಿ, ಕಾಣಿ, ಈಗಷ್ಟೇ ಬಂದ ಮೀನ್," ಎಂದು ಕೂಗಿದಳು. ಅದೇ ನಗು ಮುಖಕ್ಕೆ ಬಂತು. ಎರಡು ವರ್ಷದ ಹಿಂದೆ ಅದಕ್ಕೆ ನಾನು "ಸಂತೃಪ್ತಿ" ಎಂದು ಬರೆದಿದ್ದೆ.

ಅಕ್ಟೋಬರ್ 6, ಭಾನುವಾರ

ಇವತ್ತು ಬಸ್ಸಿನ ಚಿತ್ರ ಕಿತ್ತೆವು.

ಪದ್ದಕ್ಕ ಯಾರನ್ನೂ ಕೇಳಲಿಲ್ಲ. ಗಂಗೊಳ್ಳಿಯಲ್ಲಿ ಬಸ್ಸು ಬಂದು ನಿಂತಾಗ ಮೀನಿನ ಪೊರೆ ತೆಗೆಯುವ ಕತ್ತಿ ಹಿಡಿದು ಹಿಂದಕ್ಕೆ ಹೋಗಿ ತನ್ನದೇ ಗಲ್ಲದಿಂದ ಶುರುಮಾಡಿದಳು. ಡ್ರೈವರು ಬೀಡಿ ಬಿಸಾಡಿ ಓಡಿ ಬಂದ.

"ಹ್ವಾಯ್! ಎಂತ ಮಾಡ್ತಾ ಇದ್ರಿ? ಪೈಂಟ್ ಹೋತ್ತ್!"

"ನನ್ನ್ ಮುಖ ನಾನ್ ತೆಗೂದ್. ನಿಮ್ಮ್ ಪೈಂಟ್ ನೀವ್ ಕಾಂಬುಕೆ ಆಗ್ಲಿಲ್ಲ, ಇದನ್ನ್ ಹಚ್ಚುವತಿಗೆ?"

ಅವನು ಪೋಸ್ಟರ್ ನೋಡಿದ, ಅವಳನ್ನು ನೋಡಿದ. ಮತ್ತೊಮ್ಮೆ ಪೋಸ್ಟರ್ ನೋಡಿದ. "ಮಾಲೀಕ್ರ್ ಕೇಂಡ್ರೆ ನಾನ್ ಕಾಣ್ಲಿಲ್ಲ ಅಂತ ಹೇಳ್ತೆ," ಎಂದು ಹೋಗಿ ಇನ್ನೊಂದು ಬೀಡಿ ಹಚ್ಚಿದ.

ಸ್ಟಿಕ್ಕರು ಹಾಳಾದ್ದು, ಬೆರಳಗಲ ಬೆರಳಗಲ ಬರುತ್ತದೆ. ನಾನು ಉಗುರಿನಿಂದ ಕಿತ್ತೆ, ಆಮೇಲೆ ಯಾರೋ ಕೊಟ್ಟ ತಗಡಿನ ಚೂರಿನಿಂದ. ಹಣೆ ನನ್ನ ಪಾಲಿಗೆ ಬಂತು. ಕಣ್ಣಿನ ಹತ್ತಿರ ಬಂದಾಗ ಪದ್ದಕ್ಕ "ಅದ್ ನಾನ್ ತೆಗಿತೆ" ಎಂದಳು. ಸುತ್ತ ಜನ ಸೇರಿ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಅಕ್ಷರಗಳು ಕೊನೆಗೆ ಉಳಿದವು, ಬಸ್ಸು ಹೊರಡುವ ಹೊತ್ತಾಗಿತ್ತು. "ಗೊತ್ತೇ ಆಗಲಿಲ್ಲ" ಎನ್ನುವಷ್ಟನ್ನು ಹೊತ್ತುಕೊಂಡೇ ಬಸ್ಸು ತ್ರಾಸಿ ಕಡೆ ಹೋಯಿತು.

ಕೈಯ ಅಂಟು ಸೀಮೆಎಣ್ಣೆಗೂ ಹೋಗಲಿಲ್ಲ. ಅಮ್ಮ ಕೊಬ್ಬರಿ ಎಣ್ಣೆ ಹಾಕಿ ಒಂದೊಂದೇ ಬೆರಳು ಉಜ್ಜಿದಳು. ಅವಳ ಕೈ ಎಷ್ಟು ಒರಟು.

ಅಕ್ಟೋಬರ್ 10, ಗುರುವಾರ

ಬಚ್ಚಣ್ಣ ಇನ್ನೂ ಹೋಟೆಲಿನಲ್ಲೇ. ಬಸ್ಸಿನ ವಿಷಯ ಗೊತ್ತಾದರೂ ಏನೂ ಅನ್ನಲಿಲ್ಲವಂತೆ.

ಏಜೆನ್ಸಿಯಿಂದ ಏನೇನೋ ಮೇಲ್ ಬಂದಿದೆ. ತೆರೆದಿಲ್ಲ. ಪದ್ದಕ್ಕನ ಚಿತ್ರವನ್ನು ಇಂಟರ್ನೆಟ್ಟಿಗೆ ಕೊಟ್ಟು, ಇದು ಇನ್ನೆಲ್ಲೆಲ್ಲಿದೆ ಎಂದು ದಿನವಿಡೀ ಹುಡುಕಿದೆ. ಕಣ್ಣು ಉರಿಯುತ್ತಿದೆ. ಸಿಕ್ಕಿದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿದ್ದೇನೆ. ಪುಡಿಯ ಮಾತು ಬೇಡ, ಈ ಚಿತ್ರಗಳ ಹಣೆಬರಹ ಇಷ್ಟೇ ಎಂಬುದನ್ನಾದರೂ ಆ ಮನುಷ್ಯನಿಗೆ ತೋರಿಸಬೇಕು.

ಅಕ್ಟೋಬರ್ 13, ಭಾನುವಾರ

ದಸರಾ ಮುಗಿಯಿತು. ಮಧ್ಯಾಹ್ನ ಅವರ ಮನೆಗೆ ಹೋದಾಗ ಒಳಗೆ ಬಂಗುಡೆ ಸಾರು ಕುದಿಯುತ್ತಿತ್ತು. ಬಚ್ಚಣ್ಣ ಜಗಲಿಯಲ್ಲಿ ಅಂಗಿ ಹಾಕಿಕೊಳ್ಳುತ್ತಿದ್ದರು, ಹೋಟೆಲಿಗೆ ಹೊರಟದ್ದು. ಐದು ನಿಮಿಷ ಕೂತುಕೊಳ್ಳಿ ಎಂದೆ. ನನ್ನ ಮುಖ ಅಷ್ಟು ಸೋತಿತ್ತೋ ಏನೋ, ಕೂತರು. ಲ್ಯಾಪ್‌ಟಾಪ್ ತೆರೆದೆ.

"ಇದ್ ಬೇರೆ ದೇಶದ್ದ್. ಇಲ್ಲಿ ಪದ್ದಕ್ಕ ಸಕ್ಕರೆ ಕಾಯಿಲೆಯವಳು. ಕಾಲಿಗೆ ಚಪ್ಪಲಿ ಮಾರುತ್ತಿದ್ದಾರೆ."

ಅವರು ಕನ್ನಡಕ ಹಾಕಿಕೊಂಡರು.

"ಇಲ್ಲಿ ಶ್ರೀಲಂಕಾದವಳು. ಇದು ಯಾವುದೋ ಸಾಲದ ಕಂಪನಿ, ಇಲ್ಲಿ ಇವಳಿಗೆ ಹತ್ತು ಎಮ್ಮೆಗಳಿವೆ."

"ಇಲ್ಲ್?" ಎಂದು ಬೆರಳಿಟ್ಟು ಕೇಳಿದರು.

ಹೇಳಲೋ ಬೇಡವೋ ಎಂದು ತಡೆದೆ. "ಇಲ್ಲಿ ವಿಧವೆ. ಒಂಟಿ ಹೆಂಗಸರಿಗೆ ಹೊಲಿಗೆ ಯಂತ್ರ ಕೊಡುವವರದು."

ಬಚ್ಚಣ್ಣ ಸ್ವಲ್ಪ ಹೊತ್ತು ಆ ಚಿತ್ರವನ್ನೇ ನೋಡಿದರು. "ಹಾಂಗಾರೆ ನಾನ್ ಸತ್ತ್ ಹೋಯ್ದೆ," ಎಂದರು. "ಸತ್ತದ್ದಕ್ ಎಷ್ಟ್ ಚಂದ ನಗಾಡ್ತ್ ಕಾಣಿ ಇದ್." ಅವರ ಹೊಟ್ಟೆ ಕುಲುಕಿತು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು. "ಅಂದ್ರೆ ಇವ್ಳ್ ನಿಮ್ಗೆ ಹೇಳಿದ್ದಲ್ಲ?"

"ಯಾವುದನ್ನು?"

"ಸಾರಿಗ್ ಹಾಕಿದ್ದ್."

ಒಳಬಾಗಿಲಲ್ಲಿ ಪದ್ದಕ್ಕ ನಿಂತಿದ್ದಳು, ಕೈಯಲ್ಲಿ ಸೌಟು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ನಿಮ್ಗ್... ಗೊತ್ತಿತ್ತಾ?"

"ಬಂಗ್ಡಿ ಸಾರ್ ಎಲ್ಲಾದ್ರೂ ಕಹಿ ಆತ್ತಾ?" ಎಂದರು ಬಚ್ಚಣ್ಣ. ಅವಳ ಕಡೆ ತಿರುಗಲಿಲ್ಲ, ಅಂಗಳದ ಕಡೆ ನೋಡಿಯೇ ಹೇಳಿದರು. "ನಾನ್ ಕೇಣ್ಲಿಲ್ಲ, ನೀನ್ ಹೇಳ್ಲಿಲ್ಲ. ನಮ್ಮಿಬ್ರದ್ದ್ ಅದ್ ಅಂದ್ಕಂಡಿದ್ದೆ. ಬಸ್ಸಿನ್ ಮೇಲ್ ಕಂಡಾಗ, ಊರಿಗೆಲ್ಲ ಹೇಳಿ ಬಂದ್ಯಲೆ ಅಂತ ಆಯ್ತ್. ಅದೂ 'ಗೊತ್ತೇ ಆಗಲಿಲ್ಲ' ಅಂಬ್ರ್. ನನ್ನನ್ನ್ ಅಷ್ಟ್ ಪೆದ್ದ ಮಾಡ್ತಿ ಅಂದ್ಕಂಡಿರ್ಲಿಲ್ಲ ನಾನ್."

"ಗೊತ್ತಿದ್ದ್ ಗೊತ್ತಿದ್ದ್ ಎಂತಕೆ ಉಂಡ್ರಿ?" ಎಂದಳು ಪದ್ದಕ್ಕ. "ಒಂದ್ ಮಳಿಗಾಲ ಇಡೀ?"

ಬಚ್ಚಣ್ಣ ಈಗ ತಿರುಗಿದರು. ಇದೆಂಥ ಪ್ರಶ್ನೆ ಎನ್ನುವ ಹಾಗೆ ನೋಡಿದರು.

"ನೀನ್ ಬಡ್ಸಿದ್ದಲ್ದಾ."

ಒಲೆಯ ಮೇಲೆ ಸಾರು ಉಕ್ಕಿ ಚುರ್ ಎಂದ ಸದ್ದಿಗೆ ಪದ್ದಕ್ಕ ಒಳಗೆ ಓಡಿದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದೆ. "ಎಲ್ಲಿಗ್ ಹೊರ್ಟ್ರಿ? ಉಂಡ್ಕಂಡ್ ಹೋಯ್ಕ್," ಎಂದು ಬಚ್ಚಣ್ಣ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು.

ಮೂರು ಬಟ್ಟಲು ಬಂತು. ಪದ್ದಕ್ಕ ಅವರಿಗೆ ಬಡಿಸಿದಳು, ನನಗೆ ಬಡಿಸಿದಳು, ತಾನೂ ಕೂತಳು. ಕಣ್ಣು ಕೆಂಪಗಿತ್ತು. ಸಾರಿಗೆ ಉಪ್ಪು ಎರಡೆರಡು ಸಲ ಬಿದ್ದಿತ್ತು, ನಾಲಿಗೆ ಇಡಲಾಗುತ್ತಿರಲಿಲ್ಲ. ಬಚ್ಚಣ್ಣ ಮತ್ತೊಂದು ಸೌಟು ಹಾಕಿಸಿಕೊಂಡರು. ನಾನೂ ಹಾಕಿಸಿಕೊಂಡೆ.